ಮೊದಲ ಕಣ್ಣು ಯಾರದ್ದು?

ಕಳೆದ ಯುಗಾದಿಯ ಊಟದ ಹೊತ್ತಿನಲ್ಲಿ ನಮ್ಮ ಬಳಗದ ಹಿರಿಯರೊಬ್ಬರು ಜೇಬಿನಿಂದ ನಾಲ್ಕಾಗಿ ಮಡಚಿದ ಕಾಗದವೊಂದನ್ನು ತೆಗೆದು ಹೋಳಿಗೆ ತಟ್ಟೆಯ ಪಕ್ಕಕ್ಕಿಟ್ಟರು. ಕಣ್ಣಿನ ಪೊರೆ ತೆಗೆಸಿಕೊಳ್ಳಲು ಆಸ್ಪತ್ರೆಯವರು ಕೊಟ್ಟ ಒಪ್ಪಿಗೆ ಪತ್ರ. ಈ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಓಡಾಡಿದವರಿಗೆಲ್ಲ ಗೊತ್ತಿರುವಂಥದ್ದೇ. ಅದರಲ್ಲೊಂದು ಸಾಲು: ಆಪರೇಷನ್ನನ್ನು ಇಂಥವರೇ ಮಾಡುತ್ತಾರೆಂದು ಖಾತ್ರಿ ಕೊಡಲಾಗದು, ಆದರೆ ಮಾಡುವವರಿಗೆ ತಕ್ಕ ಅನುಭವ ಇರುತ್ತದೆ ಎಂದು.

"ಅಂದ್ರೆ ಕಲಿಯೋ ಹುಡುಗರು ಮಾಡ್ತಾರೆ ಅಂತ ತಾನೆ? ನೀವು ಕಂಪ್ಯೂಟರಿನವರು, ಏನೇನೋ ಹುಡುಕ್ತೀರಿ. ಇದಕ್ಕೆ ಸೈನ್ ಹಾಕ್ಲೋ ಬೇಡ್ವೋ ಹೇಳಿ ನೋಡೋಣ" ಅಂದರು.

ಅವರ ಕಣ್ಣು ಸುಲಭದ್ದಲ್ಲ. ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ ರೆಟಿನಾಕ್ಕೂ ತಗುಲಿದೆ. ಪ್ರಾಸ್ಟೇಟಿಗೆಂದು ದಿನಾ ರಾತ್ರಿ ಡಾಕ್ಸಜೋಸಿನ್ ಗುಳಿಗೆ ನುಂಗುತ್ತಾರೆ. ಹನಿ ಹಾಕಿದರೂ ಪಾಪೆ ಅಗಲವಾಗಿ ತೆರೆಯುವುದಿಲ್ಲ ಎಂದು ನರ್ಸ್ ಆಗಲೇ ಹೇಳಿದ್ದರಂತೆ.

ನಾವು ಡಾಕ್ಟರಲ್ಲ, ತಂತ್ರಾಂಶದ ಕೂಲಿ ಮಾಡಿ ಹೊಟ್ಟೆ ಹೊರೆಯುವವರು. ನಮ್ಮ ಕಸುಬಿನಲ್ಲಿ ಹೊಸದಾಗಿ ಸೇರಿದ ಹುಡುಗನಿಗೆ ಗ್ರಾಹಕರ ಡೇಟಾ ಇರುವ ಸರ್ವರ್ ಮುಟ್ಟಲು ಬಿಡುವುದಿಲ್ಲ. ಅದರದ್ದೇ ನಕಲೊಂದನ್ನು ಕೊಟ್ಟು, ಇದರಲ್ಲಿ ಏನು ಬೇಕಾದರೂ ಕೆಡಿಸಿಕೋ ಅನ್ನುತ್ತೇವೆ. ಅದೂ ಕೆಟ್ಟರೆ ಹಿಂದಿನ ರಾತ್ರಿಯ ಬ್ಯಾಕಪ್ ಇದೆ. ಕಣ್ಣಿಗೆ ಬ್ಯಾಕಪ್ ಎಲ್ಲಿಂದ ತರುವುದು? ಹಾಗಾದರೆ ಈ ವಿದ್ಯೆಯನ್ನು ಇಷ್ಟು ಕಾಲ ಯಾರು ಯಾರ ಕಣ್ಣಿನ ಮೇಲೆ ಕಲಿತರು? ಹಿರಿಯರಿಗೆ ಉತ್ತರ ಹೇಳುವ ನೆಪದಲ್ಲಿ ನಾಲ್ಕಾರು ವಾರಾಂತ್ಯ ಗ್ರಂಥಾಲಯದಲ್ಲೂ ಅಂತರಜಾಲದಲ್ಲೂ ಕಳೆದೆವು. ಓದುಗರಲ್ಲಿ ಕಣ್ಣಿನ ಡಾಕ್ಟರುಗಳಿದ್ದರೆ ನಮ್ಮ ಅಧಿಕಪ್ರಸಂಗವನ್ನು ಮನ್ನಿಸಬೇಕು.

ಮೊದಲಿಗೆ ಒಂದು ಮಾತು. ಪೊರೆ ಅನ್ನುವ ನಮ್ಮ ಶಬ್ದ ಸ್ವಲ್ಪ ದಾರಿ ತಪ್ಪಿಸುತ್ತದೆ. ಹಾವಿನ ಪೊರೆಯಂತೆ ಕಣ್ಣಿನ ಮೇಲೆ ಏನೋ ಕವಿದಿದೆ, ಸುಲಿದರೆ ಆಯಿತು ಅನ್ನಿಸುತ್ತದೆ. ನಿಜಕ್ಕೂ ಮಬ್ಬಾಗುವುದು ಪಾಪೆಯ ಹಿಂದಿರುವ ಮಸೂರವೇ. ಅದು ತೆಳ್ಳಗಿನ ಚೀಲವೊಂದರೊಳಗೆ ಕೂತಿರುತ್ತದೆ. ಚೀಲವನ್ನು ಸುತ್ತಲೂ ಕೂದಲಿಗಿಂತ ಸಣ್ಣ ಎಳೆಗಳು ಎಳೆದು ಹಿಡಿದಿರುತ್ತವೆ. ಇಂದಿನ ಆಪರೇಷನ್ನಿನಲ್ಲಿ ಚೀಲದ ಮುಂಭಾಗದಲ್ಲಿ ದುಂಡಗೆ ಬಾಯಿ ತೆರೆದು, ಒಳಗಿನ ಮಸೂರವನ್ನು ಪುಡಿಮಾಡಿ ಹೀರಿ, ಅದೇ ಚೀಲದಲ್ಲಿ ಪ್ಲಾಸ್ಟಿಕ್ ಮಸೂರವನ್ನು ಇಡುತ್ತಾರೆ. ಚೀಲದ ಹಿಂಗೋಡೆಯ ದಪ್ಪ ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ನಾಲ್ಕು ಪಾಲಿನಷ್ಟು. ಅದು ಹರಿಯಿತೋ, ಹಿಂದಿರುವ ಲೋಳೆ ಮುಂದಕ್ಕೆ ನುಗ್ಗುತ್ತದೆ. ಸೋಂಕು, ರೆಟಿನಾ ಕಳಚುವುದು ಇತ್ಯಾದಿ ತಾಪತ್ರಯಗಳ ಸಾಧ್ಯತೆ ಹೆಚ್ಚುತ್ತದೆ. ಕಲಿಯುವವರ ಭಯವೆಲ್ಲ ಈ ಹಿಂಗೋಡೆಯದ್ದೇ. ಪಾಪೆ ಚಿಕ್ಕದಿದ್ದರೆ ಕಿಟಕಿಯ ಸಂದಿಯಿಂದ ಕೈ ಹಾಕಿ ಅಡುಗೆ ಮಾಡಿದ ಹಾಗೆ. ಪೊರೆ ಬಲಿತು ಕಂದಾಗಿದ್ದರೆ ಅಥವಾ ಸುಣ್ಣದಂತೆ ಬೆಳ್ಳಗಾಗಿದ್ದರೆ ಇನ್ನೊಂದು ಕಷ್ಟ. ಎಳೆಗಳು ಸಡಿಲವಾಗಿದ್ದರೆ ಮತ್ತೊಂದು. ಪ್ರಾಸ್ಟೇಟಿನ ಕೆಲವು ಗುಳಿಗೆ ನುಂಗುವವರಲ್ಲಿ ಪಾಪೆಯ ಸುತ್ತಲಿನ ಬಣ್ಣದ ಪರದೆ ಒದ್ದೆ ಬಟ್ಟೆಯಂತೆ ಅಲೆದಾಡುತ್ತದೆ. ಅಮೆರಿಕದ ಚಾಂಗ್ ಮತ್ತು ಕ್ಯಾಂಬೆಲ್ ಎಂಬ ಡಾಕ್ಟರುಗಳು ಇದನ್ನು 2005ರಲ್ಲಿ ಮೊದಲು ವಿವರಿಸಿದರು.

ನಮ್ಮವರು ಎಲ್ಲವನ್ನೂ ಮೊದಲೇ ಕಂಡುಹಿಡಿದಿದ್ದರು ಎಂಬ ಮಿಂಚಂಚೆಗಳನ್ನು ಓದಿ ಓದಿ ಬೇಸತ್ತವರು ನಾವು. ಆದರೂ ಸುಶ್ರುತ ಸಂಹಿತೆಯನ್ನು ಬಿಟ್ಟು ಈ ಕಥೆ ಹೇಳಲಾಗದು. ಉತ್ತರತಂತ್ರದಲ್ಲಿ ಯವದ ಮೊನೆಯಂಥ ಸಲಾಕೆಯಿಂದ ಕಣ್ಣನ್ನು ಚುಚ್ಚಿ ಪೊರೆಯನ್ನು ದೃಷ್ಟಿಯ ದಾರಿಯಿಂದ ಸರಿಸುವ ಕ್ರಮವಿದೆ. ಎಡಗಣ್ಣಿಗೆ ಬಲಗೈ, ಬಲಗಣ್ಣಿಗೆ ಎಡಗೈ ಎಂಬಷ್ಟು ವಿವರ. ನಮಗೆ ಅದಕ್ಕಿಂತ ಇಷ್ಟವಾದದ್ದು ಸೂತ್ರಸ್ಥಾನದ ಯೋಗ್ಯಾಸೂತ್ರೀಯ ಎಂಬ ಅಧ್ಯಾಯ. ಶಾಸ್ತ್ರವೆಲ್ಲ ಓದಿದ್ದರೂ ಕೈ ಪಳಗದವನು ಕೆಲಸಕ್ಕೆ ಲಾಯಕ್ಕಲ್ಲ ಎಂಬುದು ಅಲ್ಲಿಯ ನಿಲುವು. ಹಾಗಾಗಿ ಶಿಷ್ಯನು ಕೊಯ್ಯುವುದನ್ನು ಕುಂಬಳಕಾಯಿ, ಸೋರೆಕಾಯಿ, ಕಲ್ಲಂಗಡಿ, ಸೌತೆಕಾಯಿಗಳ ಮೇಲೆ ಕಲಿಯಬೇಕು; ಚುಚ್ಚುವುದನ್ನು ಸತ್ತ ಪ್ರಾಣಿಯ ರಕ್ತನಾಳ, ತಾವರೆ ದಂಟುಗಳ ಮೇಲೆ; ಹೊಲಿಯುವುದನ್ನು ಬಟ್ಟೆ ಮತ್ತು ಮೆದು ತೊಗಲಿನ ಮೇಲೆ; ಪಟ್ಟಿ ಕಟ್ಟುವುದನ್ನು ಗೊಂಬೆಯ ಮೇಲೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಟೆಸ್ಟ್ ಸರ್ವರ್!

ಸಲಾಕೆ ಉಳಿಯಿತು, ಕುಂಬಳಕಾಯಿ ಕಳೆದುಹೋಯಿತು. ಮುಂದಿನ ನೂರಾರು ವರ್ಷ ಏಷ್ಯಾ, ಯುರೋಪುಗಳಲ್ಲೆಲ್ಲ ಸಲಾಕೆಯವರು ಊರೂರು ಅಲೆದರು. ಸಲಾಕೆಯ ಕೆಲಸದಲ್ಲೊಂದು ಮಾಯೆಯಿತ್ತು. ಮಸೂರವನ್ನು ಕಣ್ಣಿನೊಳಕ್ಕೇ ಕೆಡವಿದ ಗಳಿಗೆಯಲ್ಲಿ ಬೆಳಕು ಕಾಣುತ್ತದೆ. ರೋಗಿ ಕೈ ಮುಗಿಯುತ್ತಾನೆ, ದುಡ್ಡು ಕೊಡುತ್ತಾನೆ. ಕೀವು, ನೋವು, ಕುರುಡು ಬರುವುದು ದಿನಗಳ, ವಾರಗಳ ಮೇಲೆ. ಅಷ್ಟು ಹೊತ್ತಿಗೆ ಸಲಾಕೆಯವನು ಮೂರು ಊರು ದಾಟಿರುತ್ತಾನೆ.

ಈ ಜಾತಿಯಲ್ಲಿ ಇಂಗ್ಲೆಂಡಿನ ಜಾನ್ ಟೇಲರ್ ದೊಡ್ಡ ಹೆಸರು. ದೊರೆ ಎರಡನೇ ಜಾರ್ಜನ ಕಣ್ಣಿನ ವೈದ್ಯನೆಂಬ ಬಿರುದು, ಕಣ್ಣಿನ ಚಿತ್ರ ಬರೆಸಿದ ಸಾರೋಟು. 1750ರ ವಸಂತದಲ್ಲಿ ಲೈಪ್‌ಜಿಗ್‌ನಲ್ಲಿ ಅವನು ಸಂಗೀತಗಾರ ಬಾಖ್‌ನ ಕಣ್ಣಿಗೆ ಎರಡು ಸಲ ಕೈ ಹಾಕಿದ. ಬಾಖ್ ಪೂರ್ತಿ ಕುರುಡನಾಗಿ ಅದೇ ಜುಲೈ 28ರಂದು ತೀರಿಕೊಂಡ. ಟೇಲರ್ ಮಾತ್ರ ತನ್ನ ಆತ್ಮಕಥೆಯಲ್ಲಿ ದೃಷ್ಟಿ ಮರಳಿತೆಂದೇ ಬರೆದುಕೊಂಡ. 1758ರಲ್ಲಿ ಹ್ಯಾಂಡೆಲ್‌ನ ಕಣ್ಣನ್ನೂ ಮುಟ್ಟಿದ. ಅಲ್ಲೂ ಬೆಳಕು ಬರಲಿಲ್ಲ. ಇಷ್ಟು ದೊಡ್ಡವರ ಕಥೆಯೇ ಹೀಗಾದರೆ, ಹೆಸರಿಲ್ಲದ ಕಣ್ಣುಗಳು ಎಷ್ಟು ಹೋದವೋ!

ಅದೇ ಕಾಲದಲ್ಲಿ ಫ್ರಾನ್ಸಿನ ಜಾಕ್ ದಾವಿಯೆಲ್ ಬೇರೊಂದು ದಾರಿ ಹಿಡಿದ. 1747ರಲ್ಲಿ ಪ್ಯಾರಿಸ್ಸಿನ ಟೋಪನ್ ಮಾಡುವವನೊಬ್ಬನ ಕಣ್ಣಿನಲ್ಲಿ ಸಲಾಕೆ ಎಷ್ಟು ತಿರುಗಿಸಿದರೂ ಪೊರೆ ಕೆಳಗಿಳಿಯಲಿಲ್ಲ. ಅದು ಕಷ್ಟದ ಕಣ್ಣು. ದಾವಿಯೆಲ್ ಸಲಾಕೆ ಕೆಳಗಿಟ್ಟು ಕಣ್ಣಿನ ಮುಂಭಾಗವನ್ನೇ ಕೊಯ್ದು ಪೊರೆಯನ್ನು ಹೊರಗೆ ತೆಗೆದ. ಪೊರೆ ತೆಗೆಯುವುದು ಎಂಬ ಮಾತಿಗೆ ನಿಜವಾದ ಅರ್ಥ ಬಂದದ್ದು ಇಲ್ಲಿಂದ ಅನ್ನಬಹುದು. ನಮ್ಮಂಥವರ ಗಮನಕ್ಕೆ ಬೀಳುವುದು ಅವನು ಆಮೇಲೆ ಮಾಡಿದ ಇನ್ನೊಂದು ಕೆಲಸ. 1752ರಲ್ಲಿ ಪ್ಯಾರಿಸ್ಸಿನ ಶಸ್ತ್ರವೈದ್ಯರ ಅಕಾಡೆಮಿಗೆ ಲೆಕ್ಕ ಒಪ್ಪಿಸಿದ: 206 ಕಣ್ಣು ಮಾಡಿದ್ದೇನೆ, 182 ಗೆದ್ದಿವೆ. ಎಂದರೆ 24 ಗೆದ್ದಿಲ್ಲ ಎಂದು ತಾನೇ ಬಾಯಿಬಿಟ್ಟು ಹೇಳಿದಂತೆ. ಟೇಲರನ ಬಾಯಿಂದ ಇಂಥ ಸಂಖ್ಯೆ ಬರುವುದು ಸಾಧ್ಯವಿತ್ತೆ?

ಇನ್ನು ನಮ್ಮ ದೇಶದ ಮಾತು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಪಂಜಾಬಿನ ಜಲಂಧರದಲ್ಲಿ ಹೆನ್ರಿ ಸ್ಮಿತ್ ಎಂಬ ಐರಿಷ್ ಡಾಕ್ಟರಿದ್ದ. ಸರ್ಕಾರಿ ವೈದ್ಯ, ಬಾಯಲ್ಲಿ ಸದಾ ಚುಟ್ಟಾ. ಮಸೂರವನ್ನು ಚೀಲದ ಸಮೇತ, ಹೊರಗಿನಿಂದ ಒತ್ತಿ, ಇಡಿಯಾಗಿ ಹೊರಡಿಸುವ ಕ್ರಮ ಅವನದ್ದು. ಹಲಸಿನ ತೊಳೆಯಿಂದ ಬೀಜ ಹಿಸುಕಿದ ಹಾಗೆ ಅಂದುಕೊಳ್ಳಿ. ಬಿಸಿಲು ನಾಡಿನ ರೈತರು ಹಿಂಡು ಹಿಂಡಾಗಿ ಬರುತ್ತಿದ್ದರು. ಅವನು ತನ್ನ ಜೀವಮಾನದಲ್ಲಿ ಹತ್ತಾರು ಸಾವಿರ ಕಣ್ಣು ಮಾಡಿದ. 1910ರಲ್ಲಿ ಅವನ ಪುಸ್ತಕ ಕಲ್ಕತ್ತೆಯಲ್ಲಿ ಅಚ್ಚಾಯಿತು. ಪಶ್ಚಿಮದ ಡಾಕ್ಟರುಗಳು ಇದನ್ನು 'ಸ್ಮಿತ್‌ನ ಇಂಡಿಯನ್ ಆಪರೇಷನ್' ಎಂದೇ ಕರೆದರು. ಎದುರಾಳಿಗಳ ಆಕ್ಷೇಪ ಒಂದೇ: ಒತ್ತುವಾಗ ಕೈ ಸ್ವಲ್ಪ ತಪ್ಪಿದರೆ ಲೋಳೆ ಹೊರಬರುತ್ತದೆ, ಇದು ಸ್ಮಿತ್‌ನ ಕೈಗೆ ಸರಿ, ಹೊಸಬರ ಕೈಗಲ್ಲ.

ಹಾಗಾದರೆ ಹೊಸಬರು ಕಲಿಯುವುದೆಲ್ಲಿ? ಹಡಗು ಹತ್ತಿ ಜಲಂಧರಕ್ಕೆ ಬಂದರು! ಸಿನ್ಸಿನಾಟಿಯ ವೇಲ್, ಷಿಕಾಗೋದ ಫಿಷರ್ ಮುಂತಾದ ಅಮೆರಿಕದ ಡಾಕ್ಟರುಗಳು ಸ್ಮಿತ್‌ನ ಪಕ್ಕ ನಿಂತು ನೋಡಿದರು, ಕೈಯನ್ನೂ ಪಳಗಿಸಿಕೊಂಡರು. ತಮ್ಮೂರಿನಲ್ಲಿ ವರ್ಷಗಟ್ಟಲೆ ಕಾದರೂ ಸಿಗದಷ್ಟು ಪೊರೆ ಇಲ್ಲಿ ಕೆಲವೇ ವಾರಗಳಲ್ಲಿ ಸಿಗುತ್ತಿತ್ತು. ಮರಳಿ ಹೋಗಿ ಲೇಖನ ಬರೆದರು, ಪುಸ್ತಕ ಬರೆದರು, ಇತರರಿಗೆ ಕಲಿಸಿದರು. ಅವರ ಹೆಸರುಗಳು ನಮಗೆ ಸುಲಭವಾಗಿ ಸಿಕ್ಕವು. ಅವರು ಕಲಿತ ಕಣ್ಣುಗಳು ಯಾರವು? ನಮ್ಮ ಕಣ್ಣಿಗೆ ಬಿದ್ದ ಬರಹಗಳಲ್ಲಿ ಒಬ್ಬ ರೈತನ ಹೆಸರೂ ಇಲ್ಲ. ಇಂದು ನಮ್ಮ ಹುಡುಗರು ಕಲಿಯಲು ಅಮೆರಿಕಕ್ಕೆ ವಿಮಾನ ಹತ್ತುವುದನ್ನು ನೋಡಿದವರಿಗೆ ಈ ಉಲ್ಟಾ ಪ್ರಯಾಣ ತಮಾಷೆಯೆನಿಸಬಹುದು. ನಮಗೆ ಮಾತ್ರ ನಗು ಬರಲಿಲ್ಲ.

ಸ್ಮಿತ್‌ನ ಟೀಕಾಕಾರರಲ್ಲೊಬ್ಬ ಮದರಾಸಿನ ಸರ್ಕಾರಿ ಕಣ್ಣಾಸ್ಪತ್ರೆಯ ಎಲಿಯಟ್. ಹಳ್ಳಿಯ ಸಲಾಕೆಯವರಿಂದ ಕಣ್ಣು ಕೆಡಿಸಿಕೊಂಡು ಆಸ್ಪತ್ರೆಗೆ ಬಂದವರನ್ನು ಒಬ್ಬೊಬ್ಬರನ್ನಾಗಿ ಪರೀಕ್ಷಿಸಿ, ಬರೆದಿಟ್ಟು, 1917ರಲ್ಲಿ ಲಂಡನ್ನಿನಲ್ಲಿ ಉಪನ್ಯಾಸ ಕೊಟ್ಟು ಅದನ್ನು ಪುಸ್ತಕ ಮಾಡಿದ. ಊರು ಬಿಟ್ಟು ಹೋದ ಸಲಾಕೆಯವನ ಲೆಕ್ಕವನ್ನು ಇನ್ನೊಬ್ಬ ಕೂತು ಬರೆದದ್ದು!

ಕರ್ನಾಟಕದವರಿಗೆ ಕಣ್ಣಿನ ಶಿಬಿರ ಎಂದೊಡನೆ ನೆನಪಾಗುವವರು ಡಾ. ಎಂ. ಸಿ. ಮೋದಿ. 1916ರಲ್ಲಿ ಬೀಳಗಿಯಲ್ಲಿ ಹುಟ್ಟಿದ ಅವರು ಹಳ್ಳಿಹಳ್ಳಿಗೆ ಆಪರೇಷನ್ ಥಿಯೇಟರನ್ನೇ ಒಯ್ದವರು. ಒಂದೇ ದಿನ 833 ಪೊರೆ ತೆಗೆದದ್ದು ಗಿನ್ನೆಸ್ ಪುಸ್ತಕ ಸೇರಿತು. 2005ರಲ್ಲಿ ತೀರಿಕೊಂಡರು. ಅವರಂಥವರು ಇಲ್ಲದಿದ್ದರೆ ಲಕ್ಷಾಂತರ ಜನ ಕತ್ತಲಲ್ಲೇ ಸಾಯುತ್ತಿದ್ದರು, ಆ ಬಗ್ಗೆ ಎರಡು ಮಾತಿಲ್ಲ.

ನಮ್ಮ ಅಜ್ಜಿಯದ್ದೂ ಶಿಬಿರದ ಆಪರೇಷನ್ನೇ. ಮೋದಿಯವರದ್ದಲ್ಲ, ಬೇರೆ ಯಾರದ್ದೋ. ಶಾಲೆಯ ಕೊಠಡಿ, ಸಾಲಾಗಿ ಹಾಸಿದ ಚಾಪೆ, ಕಣ್ಣಿಗೆ ಹಸಿರು ಪಟ್ಟಿ. ಬಲಗಣ್ಣು ಚೆನ್ನಾಗಿ ಕಂಡಿತು. ಸೋಡಾಬುಡ್ಡಿ ಕನ್ನಡಕ ಹಾಕಿಕೊಂಡು ಅಕ್ಕಿ ಆರಿಸುತ್ತಿದ್ದರು. ಮರುವರ್ಷ ಮಾಡಿಸಿದ ಎಡಗಣ್ಣು ಕಾಣಲೇ ಇಲ್ಲ. ಆ ಪೊರೆ ತೀರಾ ಬಲಿತಿತ್ತಂತೆ. ಮಾಡಿದವರು ದೊಡ್ಡ ಡಾಕ್ಟರೋ, ಜೊತೆಯಲ್ಲಿ ಬಂದ ಹುಡುಗರೋ, ಏನು ತಪ್ಪಿತು, ಯಾರೂ ಕೇಳಲಿಲ್ಲ. ಕೇಳಿದ್ದರೂ ಉತ್ತರ ಬರೆದಿಟ್ಟ ಪುಸ್ತಕ ಇರಲಿಲ್ಲ. ಹಣೆಬರಹ ಅಂದುಕೊಂಡು ಅಜ್ಜಿ ಉಳಿದ ಹನ್ನೊಂದು ವರ್ಷ ಒಂದೇ ಕಣ್ಣಿನಲ್ಲಿ ಕಳೆದರು.

ಆಪರೇಷನ್ನಿನ ರೀತಿ ಆಮೇಲೆ ಬದಲಾಗುತ್ತಾ ಹೋಯಿತು. 1949ರ ನವೆಂಬರ್ 29ರಂದು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಹೆರಾಲ್ಡ್ ರಿಡ್ಲಿ ಮೊದಲ ಕೃತಕ ಮಸೂರ ಇಟ್ಟ. ತೆಗೆದ ಮಸೂರದ ಜಾಗಕ್ಕೆ ಹೊಸದು ಇಡುವುದಿಲ್ಲವೇ ಎಂದು ಮೊದಲ ಸಲ ಪೊರೆ ಆಪರೇಷನ್ ನೋಡುತ್ತಿದ್ದ ವಿದ್ಯಾರ್ಥಿಯೊಬ್ಬ ಕೇಳಿದ್ದು ಅದಕ್ಕೆ ಪ್ರೇರಣೆಯಂತೆ. ಕಲಿಯುವವರಿಂದ ಕಣ್ಣಿಗೆ ಆದ ಉಪಕಾರಗಳ ಪಟ್ಟಿಗೆ ಇದನ್ನೂ ಸೇರಿಸಬೇಕು. 1967ರಲ್ಲಿ ನ್ಯೂಯಾರ್ಕಿನ ಚಾರ್ಲ್ಸ್ ಕೆಲ್ಮನ್ ಶ್ರವಣಾತೀತ ಕಂಪನದಿಂದ ಪೊರೆಯನ್ನು ಪುಡಿಮಾಡುವ ಯಂತ್ರವನ್ನು ಮನುಷ್ಯರ ಮೇಲೆ ಬಳಸಿದ. ಮೊದಲ ರೋಗಿಯದ್ದು ಮೊದಲೇ ಕುರುಡಾಗಿದ್ದ, ತೆಗೆದುಹಾಕಬೇಕಿದ್ದ ಕಣ್ಣು. ಇಂದು ನಿಮಿಷಗಳಲ್ಲಿ ಮುಗಿಯುವ ಕೆಲಸಕ್ಕೆ ಆಗ ಗಂಟೆಗಳೇ ಹಿಡಿದವು. ಯಂತ್ರ ಕಂಡುಹಿಡಿದವನೂ ಆ ದಿನ ಕಲಿಯುವವನೇ ಆಗಿದ್ದನಲ್ಲ.

ಈಗ ನಮ್ಮ ಕಸುಬಿಗೆ ಹತ್ತಿರದ ವಿಷಯ. 2001ರ ಕೊನೆಯಿಂದ 2006ರವರೆಗೆ ಬ್ರಿಟನ್ನಿನ 12 ಎನ್.ಎಚ್.ಎಸ್. ಟ್ರಸ್ಟುಗಳಲ್ಲಿ ನಡೆದ 55,567 ಪೊರೆ ಆಪರೇಷನ್ನುಗಳ ವಿವರ ಗಣಕದಲ್ಲಿ ದಾಖಲಾಗಿತ್ತು. ಮಾಡಿದವರು 406 ಮಂದಿ. ಯಾವ ಕಣ್ಣು, ಪಾಪೆ ಹೇಗಿತ್ತು, ಯಾವ ಗುಳಿಗೆ, ಮಾಡಿದವರ ದರ್ಜೆ ಯಾವುದು, ಹಿಂಗೋಡೆ ಹರಿಯಿತೇ ಇಲ್ಲವೇ, ಎಲ್ಲವೂ. 2009ರಲ್ಲಿ ಇದರ ಫಲಿತಾಂಶ ಬಂತು. ಒಟ್ಟಾರೆ ಹಿಂಗೋಡೆ ಹರಿದದ್ದು ನೂರಕ್ಕೆ 1.92. ಆದರೆ ಎಲ್ಲ ಕಣ್ಣಿಗೂ ಒಂದೇ ಲೆಕ್ಕವಲ್ಲ. ಬೆಳ್ಳಗಿನ ಅಥವಾ ಕಂದು ಪೊರೆಯಾದರೆ ಅಪಾಯ 2.99 ಪಟ್ಟು, ಚಿಕ್ಕ ಪಾಪೆಗೆ 1.45, ಸಕ್ಕರೆ ಕಾಯಿಲೆ ರೆಟಿನಾಕ್ಕೆ ತಗುಲಿದ್ದರೆ 1.63, ಡಾಕ್ಸಜೋಸಿನ್ ನುಂಗುವವರಿಗೆ 1.51. ಮಾಡುವವರ ಕೈಗೂ ಸಂಖ್ಯೆ ಕೊಟ್ಟಿದ್ದರು: ಕನ್ಸಲ್ಟೆಂಟ್ 1 ಎಂದಿಟ್ಟುಕೊಂಡರೆ ರಿಜಿಸ್ಟ್ರಾರ್ 1.60, ತೀರಾ ಕಿರಿಯರು 3.73.

ಈ ಸಂಖ್ಯೆಗಳನ್ನು ಒಂದಕ್ಕೊಂದು ಗುಣಿಸಬೇಕು. ಕೂತು ಗುಣಿಸಿದೆವು. ನಮ್ಮ ಹಿರಿಯರ ಪಾಪೆ, ಸಕ್ಕರೆ, ಗುಳಿಗೆ ಮೂರೇ ಸೇರಿ ಮೂರೂವರೆ ಪಟ್ಟು. ಅದನ್ನು ತೀರಾ ಕಿರಿಯರ ಕೈಗೆ ಕೊಟ್ಟರೆ ಹದಿಮೂರು ಪಟ್ಟು ದಾಟುತ್ತದೆ! ಇದು ಅಂಕಿಶಾಸ್ತ್ರದವರು ಆಡ್ಸ್ ಎಂದು ಕರೆಯುವ ಲೆಕ್ಕ, ನೇರ ಶೇಕಡಾವಾರು ಅಲ್ಲ. ಅಪಾಯ ಸಣ್ಣದಿದ್ದಾಗ ಎರಡೂ ಹತ್ತಿರವೇ ಇರುತ್ತವೆ. ಅತಿ ಸುಲಭದ ಕಣ್ಣು ಒಳ್ಳೆಯ ಕೈಗೆ ಸಿಕ್ಕರೆ ನೂರಕ್ಕೆ ಮುಕ್ಕಾಲಿಗಿಂತ ಕಡಿಮೆ, ಎಲ್ಲ ಕಷ್ಟಗಳೂ ಕೂಡಿದ ಕಣ್ಣಾದರೆ ನೂರಕ್ಕೆ ಎಪ್ಪತ್ತೈದಕ್ಕೂ ಹೆಚ್ಚು ಎಂದು ಆ ಲೇಖನ ಹೇಳುತ್ತದೆ. ಯಾವ ಕಣ್ಣನ್ನು ಯಾರ ಕೈಗೆ ಕೊಡಬೇಕೆಂದು ಮೊದಲೇ ನೋಡಿ ಹಂಚುವುದಕ್ಕೆ ಇಂಥ ಕೋಷ್ಟಕ ಆಧಾರವಾಯಿತು. ದಾವಿಯೆಲ್ ಒಬ್ಬನೇ ಮಾಡಿದ್ದನ್ನು ಇಲ್ಲಿ 406 ಜನ ಸೇರಿ ಮಾಡಿದಂತಾಯಿತು; ತಮ್ಮ ತಪ್ಪನ್ನು ತಾವೇ ಬರೆದುಕೊಂಡರು.

ಜಲಂಧರದ ನೆನಪು ತರುವ ಇನ್ನೊಂದು ಲೆಕ್ಕ ಮಧುರೆಯದ್ದು. ಅರವಿಂದ ಕಣ್ಣಾಸ್ಪತ್ರೆಯನ್ನು 1976ರಲ್ಲಿ 11 ಹಾಸಿಗೆಗಳಿಂದ ಶುರುಮಾಡಿದ ಡಾ. ಜಿ. ವೆಂಕಟಸ್ವಾಮಿಯವರ ಬೆರಳುಗಳು ಸಂಧಿವಾತದಿಂದ ಸೊಟ್ಟಗಾಗಿದ್ದವು. ಆ ಬೆರಳುಗಳಲ್ಲೇ ಕತ್ತರಿ ಹಿಡಿಯುವುದನ್ನು ಹೊಸದಾಗಿ ಕಲಿತವರು ಅವರು. ಅಲ್ಲಿಗೆ ಕಲಿಯಲು ಹೊರಗಿನಿಂದಲೂ ಡಾಕ್ಟರುಗಳು ಬರುತ್ತಾರೆ. ಸುಮಾರು 80,000 ಆಪರೇಷನ್ನುಗಳ ಲೆಕ್ಕವನ್ನು ಅವರು 2012ರಲ್ಲಿ ಪ್ರಕಟಿಸಿದರು. ತೊಡಕಾದದ್ದು ಖಾಯಂ ಡಾಕ್ಟರುಗಳ ಕೈಯಲ್ಲಿ ನೂರಕ್ಕೆ 0.79, ಅಲ್ಲೇ ಓದುವ ಕಿರಿಯರಲ್ಲಿ 2.06, ಹೊರಗಿನಿಂದ ಕಲಿಯಲು ಬಂದವರಲ್ಲಿ 5ಕ್ಕಿಂತ ಹೆಚ್ಚು. ಕಲಿಯುವವರು ಯಂತ್ರದಿಂದ ಪುಡಿಮಾಡಿದಾಗ 4.8, ಯಂತ್ರವಿಲ್ಲದೆ ಸಣ್ಣ ಗಾಯದಿಂದ ಕೈಯಲ್ಲೇ ತೆಗೆದಾಗ 1.46. ಹೊಸ ಯಂತ್ರವೆಂದರೆ ಬಾಯಿ ಬಿಡುವ ನಮ್ಮಂಥವರು ಈ ಕೊನೆಯ ಸಾಲನ್ನು ಎರಡು ಸಲ ಓದಬೇಕು. ಸ್ಮಿತ್‌ನ ಅತಿಥಿಗಳ ಕೈಯಲ್ಲಿ ಎಷ್ಟು ಹೋದವೋ ನಮಗೆ ಸಿಗಲಿಲ್ಲ. ಮಧುರೆಯ ಅತಿಥಿಗಳದ್ದು ಅಚ್ಚಾಗಿದೆ.

ಕುಂಬಳಕಾಯಿಯೂ ಮರಳಿ ಬಂದಿದೆ. ಹಂದಿಯ ಕಣ್ಣು, ಮೇಕೆಯ ಕಣ್ಣುಗಳ ಮೇಲೆ ಅಭ್ಯಾಸ ಹಳೆಯದು. ಈಗ ಗಣಕದ ಕಣ್ಣೇ ಇದೆ. ಸೂಕ್ಷ್ಮದರ್ಶಕದಲ್ಲಿ ಬಗ್ಗಿ ನೋಡಿದರೆ ಕಣ್ಣು ಕಾಣುತ್ತದೆ, ಕೈ ನಡುಗಿದರೆ ಹಿಂಗೋಡೆ ಹರಿಯುತ್ತದೆ, ಒಂದು ಗುಂಡಿ ಒತ್ತಿದರೆ ಮತ್ತೆ ಹೊಸ ಕಣ್ಣು. ಬ್ಯಾಕಪ್ ಸಿಕ್ಕಿತಲ್ಲ! ಬ್ರಿಟನ್ನಿನ 29 ಆಸ್ಪತ್ರೆಗಳ 265 ಹೊಸಬರು ಮಾಡಿದ 17,831 ಆಪರೇಷನ್ನುಗಳನ್ನು ನೋಡಿದಾಗ, ಮೊದಲೆರಡು ವರ್ಷದವರ ಕೈಯಲ್ಲಿ ಹಿಂಗೋಡೆ ಹರಿಯುವುದು 2009ರಲ್ಲಿ ನೂರಕ್ಕೆ 4.2 ಇದ್ದದ್ದು 2015ರಲ್ಲಿ 2.6ಕ್ಕೆ ಇಳಿದಿತ್ತು. ಈ ಗಣಕದ ಕಣ್ಣಿನ ಪಾಲು ಅದರಲ್ಲಿ ದೊಡ್ಡದು ಎಂಬುದು ಅವರ ಅಭಿಪ್ರಾಯ.

ಇಷ್ಟಾದ ಮೇಲೂ ಒಂದು ಗಂಟು ಉಳಿಯುತ್ತದೆ. ಸುಲಭದ ಕಣ್ಣು ಕಿರಿಯರಿಗೆ, ಕಷ್ಟದ್ದು ಹಿರಿಯರಿಗೆ ಎಂದು ಹಂಚುತ್ತಲೇ ಹೋದರೆ, ಕಿರಿಯರು ಹಿರಿಯರಾದ ಮೊದಲ ದಿನ ಚಿಕ್ಕ ಪಾಪೆ ಎದುರಾದಾಗ ಪಕ್ಕದಲ್ಲಿ ಯಾರೂ ಇರುವುದಿಲ್ಲ. ಅಮೆರಿಕದಲ್ಲಿ ತರಬೇತಿಯಲ್ಲಿ ಕನಿಷ್ಠ 86 ಪೊರೆ ಮಾಡಿರಬೇಕು ಎಂಬ ನಿಯಮ; ಬ್ರಿಟನ್ನಿನಲ್ಲಿ 350 ಎಂಬ ಲೆಕ್ಕ ರೂಢಿಯಾಯಿತು. ಅದರಲ್ಲಿ ಕಷ್ಟದವು ಎಷ್ಟು ಎನ್ನುವುದೇ ಪ್ರಶ್ನೆ. ಇಂಗ್ಲೆಂಡಿನಲ್ಲಿ ಈಗ ಇದು ತಿರುವುಮುರುವಾಗಿದೆ. ಸರ್ಕಾರದ ದುಡ್ಡಿನಲ್ಲಿ ನಡೆಯುವ ಪೊರೆ ಆಪರೇಷನ್ನುಗಳಲ್ಲಿ ಖಾಸಗಿಯವರ ಪಾಲು 2016ರಲ್ಲಿ ಹತ್ತರಲ್ಲಿ ಒಂದರಷ್ಟಿದ್ದದ್ದು 2021ರ ಹೊತ್ತಿಗೆ ಅರ್ಧದ ಸಮೀಪ ಬಂತು. ಅವರು ಸಹಜವಾಗಿಯೇ ಸುಲಭದ ಕಣ್ಣುಗಳನ್ನು ಆರಿಸಿಕೊಳ್ಳುತ್ತಾರೆ. ಕಲಿಸುವ ದೊಡ್ಡ ಆಸ್ಪತ್ರೆಗಳಿಗೆ ಉಳಿಯುವುದು ನಮ್ಮ ಹಿರಿಯರಂಥ ಕಣ್ಣುಗಳೇ. ಹಿಂದೆ ಬಡವರ ಕಣ್ಣಿನ ಮೇಲೆ ಕಲಿತರು, ಈಗ ಕಷ್ಟದ ಕಣ್ಣಿನ ಮೇಲೆ ಕಲಿಯಬೇಕಾಗಿದೆ. ಇದನ್ನು ಯಾರೂ ಕೂತು ಯೋಚಿಸಿ ಮಾಡಿದ ಏರ್ಪಾಡು ಅನ್ನಿಸುವುದಿಲ್ಲ, ಹಾಗೇ ಆಗಿಹೋಗಿದೆ.

ಇಷ್ಟನ್ನೂ ಹಿರಿಯರಿಗೆ ಫೋನಿನಲ್ಲಿ ಹೇಳಿದೆವು. "ಸೈನ್ ಹಾಕಿ. ಆದರೆ ಹಾಕುವ ಮೊದಲು ನನ್ನ ಕಣ್ಣಿನ ಅಪಾಯವೆಷ್ಟು, ಯಾವ ಹಂತವನ್ನು ಯಾರು ಮಾಡುತ್ತಾರೆ, ಪಕ್ಕದಲ್ಲಿ ಯಾರಿರುತ್ತಾರೆ ಅಂತ ಕೇಳಿ" ಅಂದೆವು. ಕೇಳಿದರಂತೆ. ಡಾಕ್ಟರಮ್ಮ ಬೇಸರಿಸದೆ ಉತ್ತರ ಕೊಟ್ಟರಂತೆ: ಪಾಪೆ ಹಿಗ್ಗಿಸುವುದು, ಚೀಲದ ಬಾಯಿ ತೆರೆಯುವುದು, ಪುಡಿಮಾಡುವುದು ತಾನೇ, ಮೊದಲ ಗಾಯ ಮಾಡುವುದು, ಕೊನೆಯಲ್ಲಿ ಮಸೂರ ಕೂರಿಸುವುದು ರಿಜಿಸ್ಟ್ರಾರ್ ಹುಡುಗಿ. ಇಡೀ ಆಪರೇಷನ್ನನ್ನು ಹೀಗೆ ತುಂಡು ತುಂಡಾಗಿ ಕಲಿಸುವುದು ಇತ್ತೀಚಿನ ಕ್ರಮವಂತೆ.

ಬಲಗಣ್ಣು ಚೆನ್ನಾಗಿಯೇ ಆಯಿತು. ಕಳೆದ ಸಂಚಿಕೆಯ ಕಾಗುಣಿತದ ತಪ್ಪುಗಳನ್ನೆಲ್ಲ ಪಟ್ಟಿ ಮಾಡಿ ಸಂಪಾದಕರಿಗೆ ಮಿಂಚಂಚೆ ಕಳಿಸಿದ್ದಾರೆ. ಎಡಗಣ್ಣಿನ ಸರದಿ ಇನ್ನೂ ಬಂದಿಲ್ಲ. ಅದರ ಪೊರೆ ಬಲದ್ದಕ್ಕಿಂತ ಗಟ್ಟಿಯಂತೆ, ಎಳೆಗಳೂ ಸ್ವಲ್ಪ ಸಡಿಲವಿರಬಹುದಂತೆ. ಆ ಹುಡುಗಿಗೆ ಈ ಸಲ ಇನ್ನೊಂದೆರಡು ಹಂತ ಕೊಡಬೇಕೆಂದಿದ್ದಾರೆ, ಒಪ್ಪಿಗೆಯೇ ಎಂದು ಡಾಕ್ಟರಮ್ಮ ಕೇಳಿದ್ದಾರೆ. ಹಿರಿಯರು ಒಂದು ವಾರದ ಗಡುವು ತೆಗೆದುಕೊಂಡಿದ್ದಾರೆ.